ಮೈಯಿಲ್ಲದ ಮಾಪಕ

ನಮ್ಮೂರಲ್ಲಿ ತಾಮ್ರ ಬಂದ ಮೇಲೆ ಯಾರೂ ಒಗ್ಗರಣೆಗೆ ಎಣ್ಣೆ ಇಡುವುದಿಲ್ಲ. ದಿನಾ ಊಟದ ಹೊತ್ತು ಕಳೆದ ಮೇಲೆ ಯಾವಾಗಲೋ ಒಮ್ಮೆ ನಾಲಿಗೆಯ ಮೇಲೆ ತಾಮ್ರದ ರುಚಿ ಬರುತ್ತದೆ, ಹಳೇ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರು ಕುಡಿದ ಹಾಗೆ. ಹಾಗೆ ಬಂದ ಹತ್ತು ನಿಮಿಷಕ್ಕೆ ಊರು ನಿಲ್ಲುತ್ತದೆ. ಎತ್ತಿದ ಕೈ ಎತ್ತಿದ ಹಾಗೆ, ಆಡುತ್ತಿದ್ದ ಮಾತು ಅರ್ಧಕ್ಕೆ, ಹಾರುತ್ತಿದ್ದ ನೊಣ ಹಾರಿದಲ್ಲೇ. ಒಂದು ದಿನ ಅರ್ಧ ಗಂಟೆ, ಇನ್ನೊಂದು ದಿನ ಮೂರು ಗಂಟೆ. ಆಮೇಲೆ ಎಲ್ಲರೂ ಒಟ್ಟಿಗೇ ಏಳುತ್ತೇವೆ. ಹೊರಗಿನಿಂದ ಬರುವ ಬಸ್ಸು ಅಲ್ಲಿಯವರೆಗೆ ಗಡಿಕಲ್ಲಿನ ಹತ್ತಿರ ಕಾಯುತ್ತದೆ. ಕಂಡಕ್ಟರು ಬೇವಿನ ಮರದ ಕೆಳಗೆ ಟವೆಲ್ಲು ಹಾಸಿಕೊಂಡು ಮಲಗುತ್ತಾನೆ. ಅವನಿಗೂ ಅಭ್ಯಾಸವಾಗಿದೆ.

ನಿಲ್ಲುವುದು ದೊಡ್ಡ ಕಷ್ಟವಲ್ಲ. ಎದ್ದ ಮೇಲೆ ಆ ಕೊನೆಯ ಹತ್ತು ನಿಮಿಷ ನೆನಪಿನಲ್ಲಿ ಇರುವುದಿಲ್ಲ, ಅದೇ ಕಷ್ಟ. ನಮ್ಮ ಸ್ವಂತದ್ದು ಹೋಗುತ್ತದೆ. ಇನ್ನೊಬ್ಬರು ನಮಗೆ ಹೇಳಿ ಒಪ್ಪಿಸಿದ್ದು ಮಾತ್ರ ಉಳಿಯುತ್ತದೆ. ಅದಕ್ಕೇ ತಾಮ್ರ ಬಂದ ಕೂಡಲೇ ಪ್ರತಿಯೊಬ್ಬರೂ ತಮ್ಮ ಜೋಡಿಯನ್ನು ಹುಡುಕಿಕೊಂಡು ಹೋಗಿ ಎದುರು ಕೂರುತ್ತಾರೆ. 'ಬದನೆಕಾಯಿ ಹೆಚ್ಚುತ್ತಿದ್ದೆ, ಮೂರು ಬಾಕಿ, ನಾದಿನಿಯ ಮೇಲೆ ಸಿಟ್ಟು ಬಂದಿತ್ತು' ಅಂತ ಒಬ್ಬರು ಹೇಳಬೇಕು. ಇನ್ನೊಬ್ಬರು ತಮ್ಮದು ಹೇಳಬೇಕು. ಎದ್ದ ಮೇಲೆ ಅವರವರದ್ದನ್ನು ಅವರವರಿಗೆ ತಿರುಗಿ ಹೇಳಿದರೆ ಮುಗಿಯಿತು. ಕೊಟ್ಟು ತೆಗೆದುಕೊಂಡರೆ ಮಾತ್ರ ಇದು ನಡೆಯುತ್ತದೆ, ಮೂರನೆಯವರಿಗೆ ಜಾಗವಿಲ್ಲ. ಬರೆದಿಟ್ಟುಕೊಳ್ಳಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಬರೆದದ್ದನ್ನು ಓದಬಹುದು, ಆದರೆ ಪಕ್ಕದ ಮನೆಯವರ ಕಾಗದ ಓದಿದ ಹಾಗಿರುತ್ತದೆ. ನಮ್ಮದು ಅನ್ನಿಸುವುದಿಲ್ಲ.

ಜೋಡಿ ಇಲ್ಲದವರು ಮೊದಮೊದಲು ಹತ್ತೇ ನಿಮಿಷ ಕಳೆದುಕೊಳ್ಳುತ್ತಾರೆ. ಆಮೇಲೆ ಬೆಳಗ್ಗೆಯಿಂದ ನಡೆದದ್ದು ಹೋಗುತ್ತದೆ. ಆಮೇಲೆ ನಿನ್ನೆಯದು, ಮೊನ್ನೆಯದು. ವರ್ಷ ತುಂಬುವಷ್ಟರಲ್ಲಿ ಬರಿದಾಗಿ ಏಳುತ್ತಾರೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅಂಥವರನ್ನು ನಾನು ಕಂಡಿರಲಿಲ್ಲ. ನಮ್ಮೂರಲ್ಲಿ ಒಬ್ಬರನ್ನು ಒಂಟಿಯಾಗಿ ಬಿಡುವ ಪದ್ಧತಿಯೇ ಇರಲಿಲ್ಲ.

ಬಿಟ್ಟವನು ನಾನು. ನನ್ನ ಹೆಸರು ದೊರೆಸ್ವಾಮಿ. ನನ್ನ ಜೋಡಿ ನಮ್ಮಕ್ಕ ಸಾಕಮ್ಮ. ಅವಳಿಗೆ ಒಂಬತ್ತು, ನನಗೆ ಆರು ವರ್ಷವಾಗಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ, 'ಇನ್ನುಮೇಲೆ ನೀವಿಬ್ಬರೂ ಒಬ್ಬರದ್ದೊಬ್ಬರು ಇಟ್ಟುಕೊಳ್ಳಿ' ಅಂದಿದ್ದರು. ಅಕ್ಕನ ಬಲಗಾಲು ಹುಟ್ಟಿನಿಂದಲೇ ಸೊಟ್ಟ. ಎಡಗಾಲಿನಲ್ಲೇ ಹೊಲಿಗೆ ಮೆಷಿನ್ನು ತುಳಿದು ಅರ್ಧ ಊರಿನ ರವಿಕೆ ಹೊಲಿದವಳು. ಮದುವೆ ಆಗಲಿಲ್ಲ. ನನಗೂ ಆಗಲಿಲ್ಲ, ಅದಕ್ಕೆ ಕಾಲಿನ ನೆಪವೂ ಇರಲಿಲ್ಲ. ಮೂವತ್ತೆಂಟು ವರ್ಷ ದಿನಾ ಮಧ್ಯಾಹ್ನ ಅವಳ ತಲೆಯಲ್ಲಿ ನನ್ನದು, ನನ್ನ ತಲೆಯಲ್ಲಿ ಅವಳದು ಇತ್ತು.

ನನ್ನ ಕೆಲಸ ಊರಿನ ನೀರಿನ ತೊಟ್ಟಿಯಲ್ಲಿ. ತೊಟ್ಟಿ ಗುಡ್ಡದ ಮೇಲಿದೆ, ನೂರ ನಲವತ್ತು ಮೆಟ್ಟಿಲು. ಅದಕ್ಕೆ ಬರುವ ತೊರೆ ಗಡಿಯಾಚೆಯದು. ಊರು ನಿಂತರೂ ಅದು ನಿಲ್ಲುವುದಿಲ್ಲ, ಸುರಿಯುತ್ತಲೇ ಇರುತ್ತದೆ. ಹಾಗಾಗಿ ಊರು ಏಳುವಾಗ ತೊಟ್ಟಿ ಕಂಠಮಟ್ಟ ತುಂಬಿರುತ್ತದೆ. ಎದ್ದ ಕೂಡಲೇ ನೀರು ಬಿಡದಿದ್ದರೆ ಉಕ್ಕಿ ನೇರ ಕುಂಬಾರಗೇರಿಗೆ ಇಳಿಯುತ್ತದೆ, ಅಲ್ಲಿ ಸುಡದೆ ಒಣಗಲು ಇಟ್ಟ ಮಡಕೆಗಳೆಲ್ಲ ಮತ್ತೆ ಮಣ್ಣಾಗುತ್ತವೆ. ಮೊದಲು ಈ ಕೆಲಸವನ್ನು ಇಬ್ಬರು ನೀರುಗಂಟಿಗಳು ನೋಡಿಕೊಳ್ಳುತ್ತಿದ್ದರು, ರುದ್ರಯ್ಯ ಮತ್ತು ಮಾದಯ್ಯ. ಕೆಲಸ ಬಿಟ್ಟು ಇಳಿಯುವ ಹಾಗಿಲ್ಲದ್ದರಿಂದ ಅವರೇ ಒಬ್ಬರಿಗೊಬ್ಬರು ಜೋಡಿ. ತೇಲುಬುರುಡೆ ನೋಡಿ ಮಟ್ಟ ತಿಳಿದು, ಕೈಚಕ್ರ ತಿರುಗಿಸಿ ನೀರು ಬಿಡುತ್ತಿದ್ದರು.

ತೇಲುಬುರುಡೆ ತುಕ್ಕು ಹಿಡಿದು ಮುಳುಗಿದಾಗ ನಾನೊಬ್ಬ ಜಾಣ ಮುಂದೆ ಬಂದೆ. ಬುರುಡೆಯೇ ಬೇಡ, ಕಂಪ್ಯೂಟರಿನಲ್ಲೇ ಒಂದು ಮಾಪಕ ಮಾಡುತ್ತೇನೆ ಅಂದೆ. ಒಳಗೆ ಎಷ್ಟು ನೀರು ಬಂತು, ಹೊರಗೆ ಎಷ್ಟು ಹೋಯಿತು ಎಂದು ಲೆಕ್ಕ ಹಾಕಿ ಮಟ್ಟ ಹೇಳುವ ಮಾಪಕ. ಕಣ್ಣಿಗೆ ಕಾಣುವ ವಸ್ತುವಲ್ಲ, ಮುಟ್ಟಲು ಸಿಗುವುದಿಲ್ಲ. ಆದರೆ ಕಂಪ್ಯೂಟರು ಮಾತ್ರ ನಿಜವಾದ ಮಾಪಕವೇ ಇದೆ ಎಂದು ನಂಬಿ ಅದರ ಮಾತು ಕೇಳುತ್ತದೆ. ಆ ಇಲ್ಲದ ಮಾಪಕಕ್ಕೂ ಕಂಪ್ಯೂಟರಿಗೂ ನಡುವೆ ನಿಂತು ಮಾತಾಡಿಸಲು ಒಂದು ಸಣ್ಣ ಪ್ರೋಗ್ರಾಂ ಬೇಕು, ಅದಕ್ಕೆ ಡ್ರೈವರ್ ಅನ್ನುತ್ತಾರೆ. ಅದನ್ನೂ ನಾನೇ ಬರೆದೆ. ನೀರು ಬಿಡುವ ಕವಾಟಕ್ಕೆ ಮೋಟರು ಕೂರಿಸಿದೆ. ಕೈಚಕ್ರ ಬಿಚ್ಚಿಸಿ ಗುಜರಿಗೆ ಹಾಕಿಸಿದವನೂ ನಾನೇ. ಪುರಸಭೆಯವರು ಶಾಲು ಹೊದಿಸಿದರು. ಮಾದಯ್ಯನಿಗೆ ಇನ್ನು ಕೆಲಸವಿಲ್ಲ ಅಂದರು. ಅವನು ಅದೇ ವಾರ ಬಸ್ಸು ಹತ್ತಿ ಮಗನ ಊರಿಗೆ ಹೋದ.

ಎರಡು ದಿನ ಎಲ್ಲ ಚೆನ್ನಾಗಿತ್ತು, ಯಾಕಂದರೆ ಆ ಎರಡು ದಿನ ಹೊಸ ಪೈಪು ಜೋಡಿಸುವವರಿದ್ದರು, ನೀರು ಅವರೇ ಬಿಟ್ಟುಕೊಂಡರು. ಮೂರನೆಯ ದಿನ ಊರು ಎದ್ದಾಗ ಕಂಪ್ಯೂಟರು ಎದ್ದ ಹಾಗೆ ಮಾಡಿ ಬಿದ್ದಿತು. ಪರದೆ ಕಪ್ಪಾಯಿತು, ಕವಾಟ ತೆರೆಯಲಿಲ್ಲ, ಕುಂಬಾರಗೇರಿಯ ಒಂದು ತಿಂಗಳ ಮಡಕೆ ನೀರಾಯಿತು. ಹೆಂಗಸರು ಮಣ್ಣಿನ ಕೈಯಲ್ಲೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನದಿಂದ ನಾನು ತೊಟ್ಟಿಯ ಮೇಲೆಯೇ ಇದ್ದೆ. ಊರು ಎದ್ದ ಕೂಡಲೇ ಕಂಪ್ಯೂಟರು ಬೀಳುತ್ತಿತ್ತು. ಅದನ್ನು ಮತ್ತೆ ಶುರು ಮಾಡಿ, ತೊಟ್ಟಿಗೆ ಬಿದಿರಿನ ಗಳ ಇಳಿಬಿಟ್ಟು ಮಟ್ಟ ನೋಡಿ, ಆ ಅಂಕಿಯನ್ನು ಕೈಯಾರೆ ತುಂಬಿಸಿ ಕವಾಟ ತೆರೆಸಬೇಕು. ರುದ್ರಯ್ಯನಿಗೆ ಕಲಿಸಲು ನೋಡಿದೆ. ಎರಡನೆಯ ಸಲಕ್ಕೇ ಅವನು ಕವಾಟವನ್ನು ಪೂರಾ ತೆರೆದು ಎರಡು ಬೀದಿಯ ಪೈಪು ಒಡೆಸಿದ. 'ಇದು ನನ್ನ ಕೈಗೆ ಬಗ್ಗಲ್ಲ ಕಣಪ್ಪ' ಎಂದು ಕೈಚೆಲ್ಲಿ ಕೂತ. ಮಾದಯ್ಯ ಹೋದ ಮೇಲೆ ಅವನಿಗೆ ಜೋಡಿಯಿರಲಿಲ್ಲ. ಗುಡ್ಡದ ಮೇಲೆ ನನಗೂ ಇರಲಿಲ್ಲ. ನಾವಿಬ್ಬರೂ ಜೋಡಿಯಾದೆವು.

ಅಕ್ಕನಿಗೆ ಹೇಳಿದಾಗ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. 'ಎಷ್ಟು ದಿನಕ್ಕೆ?' ಅಂದಳು. 'ಒಂದು ವಾರ. ತಪ್ಪೆಲ್ಲಿದೆ ಅಂತ ಸಿಕ್ಕಿಬಿಟ್ರೆ ಆಯ್ತು' ಅಂದೆ. 'ಒಂದು ವಾರ ತಾನೆ. ಹೋಗಿ ಬಾ. ಹತ್ತು ನಿಮಿಷ ಮರೆತರೆ ನಂದೇನು ರಾಜ್ಯ ಮುಳುಗಲ್ಲ' ಅಂದಳು. ಮೇಲಕ್ಕೆ ಹೊತ್ತುಕೊಂಡು ಹೋಗುತ್ತೇನೆ ಬಾ ಅಂದರೆ, 'ನಾನೇನು ಉತ್ಸವಮೂರ್ತೀನಾ, ಹೊತ್ಕೊಂಡು ಮೆರೆಸೋಕೆ? ಗಿರಾಕಿಗಳನ್ನ ಯಾರು ನೋಡ್ತಾರೆ?' ಎಂದು ನಕ್ಕಳು. ನಾನೂ ನಕ್ಕೆ. ಊರಲ್ಲಿ ಬೇರೆ ಒಂಟಿಗಳು ಯಾರೂ ಇರಲಿಲ್ಲ. ಅವಳೊಬ್ಬಳೇ ಆದಳು.

ಆ ಒಂದು ವಾರ ಹನ್ನೊಂದು ತಿಂಗಳಾಯಿತು. ದಿನಾ ನೂರ ನಲವತ್ತು ಹತ್ತುವುದು, ನಿಲ್ಲುವುದು, ಏಳುವುದು, ಬಿದ್ದ ಕಂಪ್ಯೂಟರನ್ನು ಎಬ್ಬಿಸುವುದು, ಬಿದಿರಿನ ಗಳ ಇಳಿಬಿಡುವುದು, ಕವಾಟ, ಆಮೇಲೆ ಕತ್ತಲಾಗುವವರೆಗೆ ಕೂತು ತಪ್ಪು ಹುಡುಕುವುದು. ಡ್ರೈವರ್ ಬೀಳುವುದು ಏಳುವಾಗ. ಹಾಗಾಗಿ ಏಳುವ ಭಾಗವನ್ನು ಒಂದೊಂದೇ ಸಾಲು ತೆಗೆದು ನೋಡಿದೆ. ಬದಲಾಯಿಸಿದೆ, ತಿರುಗಿ ಬರೆದೆ, ಮತ್ತೆ ಹಳೆಯದನ್ನೇ ಹಾಕಿದೆ. ಆರನೆಯ ತಿಂಗಳ ಹೊತ್ತಿಗೆ ನನಗೆ ಸಿಟ್ಟೂ ಬರುತ್ತಿರಲಿಲ್ಲ. ಮೊಣಕಾಲು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಅಷ್ಟೆ. ರುದ್ರಯ್ಯನಿಗೂ ಸಾಕಾಗಿತ್ತು. ಗಡಿಯಾಚೆ ಅವನ ಮಗಳಿದ್ದಳು. 'ನೀನಿದನ್ನ ಸರಿಮಾಡು ದೊರೆ, ಮಾರನೇ ದಿನ ನಾನು ಬಸ್ ಹತ್ತಿಬಿಡ್ತೀನಿ. ಮೊಮ್ಮಗು ಹಲ್ಲು ಬಂದು ಓಡಾಡ್ತಿದೆಯಂತೆ' ಎಂದು ದಿನಾ ಒಮ್ಮೆ ಹೇಳುತ್ತಿದ್ದ. ತಾಮ್ರ ಬಂದಾಗ ನನಗೆ ಒಪ್ಪಿಸುತ್ತಿದ್ದದ್ದೂ ಹೆಚ್ಚು ಕಡಿಮೆ ಅದನ್ನೇ.

ಮನೆಯಲ್ಲಿ ಅಕ್ಕ ಕಡಿಮೆಯಾಗುತ್ತಾ ಬಂದಳು. ಮೊದಲು ಅವಳೇ ತಮಾಷೆ ಮಾಡುತ್ತಿದ್ದಳು. ಗಂಜಿಗೆ ಎರಡು ಸಲ ಉಪ್ಪು ಹಾಕಿ, 'ದೊರೆಗಳಿಗೆ ಇವತ್ತು ಸಮುದ್ರದ ಊಟ' ಅನ್ನುತ್ತಿದ್ದಳು. ಆಮೇಲೆ ಎದುರುಮನೆ ಚಂದ್ರವ್ವನ ಅಳತೆಯನ್ನು ಒಂದೇ ವಾರದಲ್ಲಿ ನಾಲ್ಕು ಸಲ ತೆಗೆದಳು. ನಾಲ್ಕು ಸಲವೂ 'ಏನವ್ವ, ಕುತ್ತಿಗೆ ಹಿಂದೆ ಸ್ವಲ್ಪ ಇಳಿಸಲಾ? ನಿನ್ನ ಗಂಡ ಬೇಡ ಅಂತಾನಾ?' ಎಂದು ಅದೇ ಚೇಷ್ಟೆ ಮಾಡಿದಳಂತೆ. ಚಂದ್ರವ್ವ ನಾಲ್ಕು ಸಲವೂ ನಕ್ಕಳಂತೆ. ಅದನ್ನು ನನಗೆ ಹೇಳುವಾಗ ಮಾತ್ರ ನಗಲಿಲ್ಲ. 'ದೊರೆಸ್ವಾಮಿ, ವರ್ಷ ತುಂಬೋಕೆ ಎಷ್ಟು ದಿನ ಇದೆ?' ಅಂದಳು. ನಾನು ಲೆಕ್ಕ ಹಾಕಿಟ್ಟಿದ್ದೆ, ಹಾಕಿಲ್ಲ ಅಂದೆ.

ಆ ಭಾನುವಾರ ಬೆಳಗ್ಗೆ ಅಕ್ಕ ಚೆನ್ನಾಗಿದ್ದಳು. ಕೆಲವು ಬೆಳಗ್ಗೆ ಹಾಗೆ ಇರುತ್ತಿದ್ದಳು. ರೊಟ್ಟಿ ತಟ್ಟುತ್ತಾ ನನ್ನ ಮುಖ ನೋಡಿ, 'ಯಾಕೋ ಹಿಂಗೆ ಸೊರಗಿದೀಯ? ಆ ದರಿದ್ರದ್ದು ಇನ್ನೂ ಬೀಳ್ತಾನೇ ಇದೆಯಾ?' ಅಂದಳು. ನೂರನೆಯ ಸಲ ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಹೊಸದಾಗಿ ಕೇಳುವ ಹಾಗೆ ಕೇಳಿದಳು. ಪಾಪ, ಅವಳಿಗೆ ಅದು ಹೊಸದೇ ಆಗಿತ್ತು.

'ಅದು ಯಾರಿಗೆ ಒಪ್ಪಿಸುತ್ತೆ?' ಅಂದಳು.

'ಯಾವುದು?'

'ನಿನ್ನ ಮಾಪಕ. ತಾಮ್ರ ಬಂದಾಗ ಯಾರ ಎದುರು ಕೂರುತ್ತೆ?'

ನನಗೆ ನಗು ಬಂತು. 'ಅಕ್ಕಾ, ಯಂತ್ರ ಯಾಕೆ ಒಪ್ಪಿಸ್ಬೇಕು? ನಿನ್ನ ಹೊಲಿಗೆ ಮೆಷಿನ್ನು ಯಾರಿಗಾದ್ರೂ ಒಪ್ಪಿಸುತ್ತಾ? ನಿಂತಲ್ಲಿಂದಲೇ ಮತ್ತೆ ಓಡಲ್ವಾ?'

'ನನ್ನ ಮೆಷಿನ್ನಿಗೆ ಮೈ ಇದೆ ಕಣೋ. ಸೂಜಿ ಬಟ್ಟೇಲಿ ಚುಚ್ಕೊಂಡು ಅಲ್ಲೇ ನಿಂತಿರುತ್ತೆ. ಎಲ್ಲಿದ್ದೆ ಅಂತ ಅದು ನೆನಪಿಟ್ಕೋಬೇಕಾಗಿಲ್ಲ, ನೋಡಿದ್ರೆ ಗೊತ್ತಾಗುತ್ತೆ. ನಿಂದಕ್ಕೆ ಮೈ ಎಲ್ಲಿದೆ? ಬರೀ ನೆನಪು ತಾನೆ ಅದು. ಒಪ್ಪಿಸದೇ ಇದ್ರೆ ನನ್ನ ಹಾಗೇ ಆಗುತ್ತೆ.' ಅಷ್ಟು ಹೇಳಿ ರೊಟ್ಟಿ ಮಗುಚಿದಳು.

ನಾನು ತಟ್ಟೆ ಬಿಟ್ಟು ಎದ್ದೆ. ಎಷ್ಟೋ ತಿಂಗಳಾದ ಮೇಲೆ ಮೆಟ್ಟಿಲನ್ನು ಓಡಿ ಹತ್ತಿದೆ. ನಮಗೆ ತಾಮ್ರ ಬರುವ ಹೊತ್ತಿಗೆ ಊರಿನ ಕರೆಂಟು ಸ್ವಲ್ಪ ಇಳಿಯುತ್ತದೆ. ಅದನ್ನು ಕಂಡು ಕಂಪ್ಯೂಟರು ತನ್ನ ಎಲ್ಲ ಡ್ರೈವರುಗಳಿಗೂ ನಿಲ್ಲಲು ಸಿದ್ಧರಾಗಿ ಎಂದು ಹೇಳುತ್ತದೆ. ಪಂಪಿನ ಡ್ರೈವರು, ಕವಾಟದ ಡ್ರೈವರು ಎಲ್ಲ ಏನೇನೋ ಮಾಡಿಕೊಂಡು ಆಯ್ತು ಅನ್ನುತ್ತವೆ. ನಾನು ಬರೆದ ಡ್ರೈವರು ಏನೂ ಮಾಡದೆ ಆಯ್ತು ಅನ್ನುತ್ತಿತ್ತು. ಆ ಜಾಗದಲ್ಲಿ ನನ್ನದೇ ಟಿಪ್ಪಣಿ ಇತ್ತು: 'ಇಲ್ಲಿ ಏನೂ ಮಾಡಬೇಕಾಗಿಲ್ಲ.' ಹನ್ನೊಂದು ತಿಂಗಳು ನಾನು ಆ ಸಾಲನ್ನು ದಾಟಿಕೊಂಡೇ ಹೋಗಿದ್ದೆ. ಊರು ಎದ್ದಾಗ ಕವಾಟ ಮೊದಲು ಎದ್ದು ಮಟ್ಟ ಎಷ್ಟು ಎಂದು ಕೇಳುತ್ತಿತ್ತು, ಡ್ರೈವರು ಮಾಪಕದ ಕಡೆ ತಿರುಗುತ್ತಿತ್ತು, ಅಲ್ಲಿ ಮಾಪಕವೇ ಇರುತ್ತಿರಲಿಲ್ಲ. ಇಲ್ಲದ್ದರ ಮೇಲೆ ಕಾಲಿಟ್ಟು ಬೀಳುತ್ತಿತ್ತು. ಬೀಳುವಾಗ ಇಡೀ ಕಂಪ್ಯೂಟರನ್ನೇ ಎಳೆದುಕೊಂಡು ಬೀಳುತ್ತಿತ್ತು.

ಸರಿಮಾಡಲು ಒಂದು ಹಗಲು ಸಾಕಾಯಿತು. ಪಂಪಿಗೆ ಹಳೆಯ ಕಾಲದ ಕಬ್ಬಿಣದ ಎಣಿಕೆ ಚಕ್ರವೊಂದಿತ್ತು. ತಾಮ್ರದ ಹೊತ್ತಿಗೆ ಮಾಪಕ ತನ್ನ ಮಟ್ಟವನ್ನು ಆ ಚಕ್ರಕ್ಕೆ ಒಪ್ಪಿಸಬೇಕು. ಎದ್ದಾಗ ಮೊದಲು ಅದನ್ನು ತಿರುಗಿ ಪಡೆದು, ನಿಂತಿದ್ದಷ್ಟು ಹೊತ್ತು ತೊರೆ ತಂದ ನೀರನ್ನು ಅದಕ್ಕೆ ಕೂಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಕವಾಟ ಏನು ಕೇಳಿದರೂ 'ತಾಳು' ಅನ್ನಬೇಕು. ಎಲ್ಲ ಸೇರಿ ಮೂವತ್ತು ಸಾಲೂ ಇರಲಿಲ್ಲ. ಬರೆದು ಮುಗಿಸಿದಾಗ ನನಗೆ ಸಂತೋಷವಾಗಲಿಲ್ಲ. ಇಷ್ಟೇನಾ ಅನ್ನಿಸಿತು. ಇಷ್ಟಕ್ಕೆ ಹನ್ನೊಂದು ತಿಂಗಳಾ ಅನ್ನಿಸಿತು.

ಸೋಮವಾರ ಊರು ಎದ್ದಾಗ ಕಂಪ್ಯೂಟರು ಬೀಳಲಿಲ್ಲ. ಪರದೆಯ ಮೇಲೆ ಒಂದು ಕ್ಷಣ ಏನೂ ಇರಲಿಲ್ಲ, ಆಮೇಲೆ ಮಟ್ಟದ ಅಂಕಿ ಬಂತು, ಕೆಳಗೆ ಕವಾಟದ ಮೋಟರು ಗುರ್ ಅಂದಿತು. ರುದ್ರಯ್ಯ ಬಿದಿರಿನ ಗಳ ಇಳಿಬಿಟ್ಟು ನೋಡಿ, 'ಬೆರಳಗಲ ವ್ಯತ್ಯಾಸ ಇಲ್ಲ ಕಣೋ!' ಎಂದು ಕೂಗಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. 'ನಾಳೆ ಹೊರಡ್ಲಾ?' ಅಂದ.

ನಾನು ಬೇಡ ಅಂದೆ. ಇನ್ನೊಂದು ದಿನ ನೋಡೋಣ ಅಂದೆ. ಇದೇ ನಾನು ಮಾಡಿದ ತಪ್ಪು. ಕುಂಬಾರಗೇರಿಯ ಹೆಂಗಸರ ಕೈಯ ಮಣ್ಣು ನನ್ನ ಕಣ್ಣಿಗೆ ಕಟ್ಟಿತ್ತು. ನಾನು ಬರೆದದ್ದರ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅಂದು ಸಂಜೆ ಅಕ್ಕನಿಗೆ ಹೇಳಿದೆ. 'ಸರಿಹೋಯ್ತಾ? ಹಾಗಾದ್ರೆ ನಾಳೆ ಬರ್ತೀಯಾ?' ಅಂದಳು. ಬುಧವಾರ ಬರ್ತೀನಿ ಅಂದೆ. 'ಬುಧವಾರ' ಎಂದು ಅವಳು ಎರಡು ಸಲ ಹೇಳಿಕೊಂಡು ಸೀಮೆಸುಣ್ಣದಲ್ಲಿ ಮೆಷಿನ್ನಿನ ಹಲಗೆಯ ಮೇಲೆ ಬರೆದಿಟ್ಟಳು. ಮಂಗಳವಾರ ರಾತ್ರಿ ನಾನು ಬರುವಷ್ಟರಲ್ಲಿ ಅವಳು ಮಲಗಿದ್ದಳು. ನಾನೂ ಸುಸ್ತಾಗಿ ಬಿದ್ದುಕೊಂಡೆ, ಎಬ್ಬಿಸಲಿಲ್ಲ. ಬೆಳಗ್ಗೆ ಅವಳು ಏಳುವ ಮೊದಲೇ ಮೆಟ್ಟಿಲು ಹತ್ತಿದೆ.

ಬುಧವಾರ ರುದ್ರಯ್ಯ ಬೆಳಗಿನ ಬಸ್ಸಿಗೆ ಹೋದ. ನಾನು ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟು ಬಾಗಿಲಿಗೆ ಬೀಗ ಹಾಕಿ ಮಧ್ಯಾಹ್ನ ಮನೆಗೆ ಇಳಿದೆ. ಬಾಗಿಲು ತೆರೆದಿತ್ತು. ಅಕ್ಕ ಎಂದಿನ ಜಾಗದಲ್ಲೇ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಕೈ ಚಕಚಕ ಓಡುತ್ತಿತ್ತು, ಕೈಗೆ ಏನೂ ಆಗಿರಲಿಲ್ಲ. ತಲೆಯೆತ್ತಿ ನೋಡಿ ಸೆರಗು ಸರಿಮಾಡಿಕೊಂಡು, 'ಬನ್ನಿ, ಕೂತ್ಕೊಳ್ಳಿ. ಹೊಲಿಯೋಕೆ ಕೊಡೋದಿತ್ತಾ?' ಅಂದಳು.

ನಾನು ಹೊಸ್ತಿಲಲ್ಲೇ ನಿಂತೆ. 'ಅಕ್ಕಾ, ನಾನು ದೊರೆ' ಅಂದೆ. 'ಒಳ್ಳೇದು' ಅಂದಳು, ಹೊಸಬರಿಗೆ ಹೇಳುವ ಹಾಗೆ. 'ನೀರು ಕುಡೀತೀರಾ? ಬಿಸಿಲಲ್ಲಿ ಬಂದಿದೀರ.' ಎದ್ದು ಕುಂಟುತ್ತಾ ಒಳಗೆ ಹೋಗಿ ಚೊಂಬು ತಂದಳು. ಹಲಗೆಯ ಮೇಲೆ ಅವಳ ಕೈಬರಹದಲ್ಲಿ ಬುಧವಾರ ಎಂದಿತ್ತು. ಅದು ಯಾರು ಬರೆದದ್ದೋ ಎಂಬಂತೆ ಅವಳು ಅದರ ಮೇಲೆ ಕತ್ತರಿ ಇಟ್ಟಿದ್ದಳು. ಕೂಗಿ ಅತ್ತುಬಿಡೋಣ ಅನ್ನಿಸಿತು. ಅಳುವುದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ನೀರು ಕುಡಿಯುವಾಗಲೇ ತಾಮ್ರ ಬಂತು. ಅವಳಿಗೂ ಬಂತು. ಎಲ್ಲ ಮರೆತರೂ ಅದೊಂದು ಮರೆತಿರಲಿಲ್ಲ. ಗಾಬರಿಯಿಂದ ಬೀದಿಯ ಕಡೆ ನೋಡಿದಳು. ಎಲ್ಲರೂ ತಮ್ಮ ತಮ್ಮ ಜೋಡಿಯ ಹತ್ತಿರ ಓಡುತ್ತಿದ್ದರು. 'ನಿಮ್ಮವರು ಯಾರೂ ಇಲ್ವಾ?' ಎಂದು ಕೇಳಿದಳು. ಇಲ್ಲೇ ಒಪ್ಪಿಸುತ್ತೇನೆ ಅಂದೆ. ಅವಳ ಎದುರು ನೆಲದ ಮೇಲೆ ಕೂತೆ. ನನಗೆ ನೆನಪಿರುವುದು ಅಲ್ಲಿಯವರೆಗೆ. ಆಮೇಲಿನ ನನ್ನ ಹತ್ತು ನಿಮಿಷ ನನ್ನಲ್ಲಿಲ್ಲ.

ಎದ್ದಾಗ ಬೀದಿಯ ನಲ್ಲಿಯಲ್ಲಿ ನೀರು ಬರುವ ಸದ್ದು ಕೇಳುತ್ತಿತ್ತು. ನನ್ನ ತಲೆಯಲ್ಲಿ ಅವಳದು ಇತ್ತು, ತುಂಬ ಚಿಕ್ಕದು. 'ಮೂರು ಹುಕ್ಕು ಹಾಕಿದೀನಿ, ಎರಡು ಬಾಕಿ. ಯಾರ ರವಿಕೆ ಅಂತ ಗೊತ್ತಿಲ್ಲ. ಸ್ವಲ್ಪ ಭಯ ಆಗ್ತಿತ್ತು, ನೀವು ಬಂದ ಮೇಲೆ ಇಲ್ಲ.' ಇಷ್ಟೆ. ಅದನ್ನು ಅವಳಿಗೆ ತಿರುಗಿ ಹೇಳಿದೆ. ಅವಳು ತಲೆಯಾಡಿಸಿ ಸೂಜಿ ಕೈಗೆತ್ತಿಕೊಂಡಳು. ಆಮೇಲೆ ಪದ್ಧತಿಯಂತೆ ನೆಟ್ಟಗೆ ಕೂತು ನನ್ನದನ್ನು ಹೇಳತೊಡಗಿದಳು.

'ನೀವು ಹೇಳಿದ್ದು ಹೀಗೆ. ನಿಮಗೊಬ್ಬರು ಅಕ್ಕ ಇದಾರಂತೆ. ಹೆಸರು ಸಾಕಮ್ಮ. ಹುಟ್ಟಿನಿಂದ ಕಾಲು ಸೊಟ್ಟ, ಒಂದೇ ಕಾಲಲ್ಲಿ ಮೆಷಿನ್ ತುಳೀತಾರೆ. ನಿಮಗೆ ಆರು ವರ್ಷ ಇದ್ದಾಗ ಬಾವಿ ಕಟ್ಟೆಯಿಂದ ಬಿದ್ದಿರಿ, ಅವರು ಕುಂಟ್ಕೊಂಡು ಓಡಿಬಂದು ಎತ್ಕೊಂಡ್ರು. ಜ್ವರ ಬಂದಾಗ ನಿಮ್ಮಮ್ಮನಿಗಿಂತ ಅವರೇ ಹೆಚ್ಚು ಎದ್ದು ಕೂತಿದ್ರು. ಹುಳಿ ಜಾಸ್ತಿ ತಿಂತಾರೆ. ಬೆಕ್ಕು ಅಂದ್ರೆ ಆಗಲ್ಲ. ನಿಮ್ಮನ್ನ ದೊರೆಗಳೇ ಅಂತ ಗೇಲಿ ಮಾಡ್ತಾರೆ. ಗಿರಾಕಿಗಳಿಗೆ ಚೇಷ್ಟೆ ಮಾಡ್ತಾರೆ. ನಿಮಗೆ ಸಿಗದೇ ಇದ್ದ ತಪ್ಪನ್ನ ರೊಟ್ಟಿ ತಟ್ಟುತ್ತಾ ಕಂಡುಹಿಡಿದುಕೊಟ್ಟೋರು ಅವರೇ. ಒಂದು ವಾರ ಅಂತ ಹೇಳಿ ಅವರನ್ನ ಬಿಟ್ಟುಹೋದ್ರಿ. ಸರಿಹೋದ ಮೇಲೂ ಒಂದು ದಿನ ಹೋಗಲಿಲ್ಲ.' ಒಂದು ಮಾತೂ ಬಿಟ್ಟುಹೋಗಬಾರದು ಎಂಬಂತೆ ಹುಬ್ಬು ಗಂಟಿಕ್ಕಿ ಯೋಚಿಸಿದಳು. 'ಅವರನ್ನ ಕ್ಷಮಿಸು ಅಂತ ಕೇಳ್ಬೇಕು ಅಂದ್ರಿ. ಅಷ್ಟೆ. ಎಲ್ಲಾ ಸರಿಯಾಗಿ ಹೇಳಿದ್ನಾ?'

ಸರಿಯಾಗಿ ಹೇಳಿದಿರಿ ಅಂದೆ.

'ಪಾಪ, ಒಳ್ಳೇ ಹೆಂಗಸು' ಅಂದಳು. 'ಹಾಗಾದ್ರೆ ಇಲ್ಯಾಕೆ ಕೂತಿದೀರಿ? ಕಾಯ್ತಾ ಇರ್ತಾರೆ, ಹೋಗಿ.'

ನಾನು ಏಳಲಿಲ್ಲ. ನಾಳೆಯೂ ಈ ಹೊತ್ತಿಗೆ ಬರುತ್ತೇನೆ, ನಾಳಿದ್ದೂ ಬರುತ್ತೇನೆ, ನಿಮಗೆ ತೊಂದರೆಯಾಗುತ್ತದಾ ಎಂದು ಕೇಳಿದೆ. ಅವಳು ದಾರವನ್ನು ಹಲ್ಲಿನಿಂದ ಕಡಿದು, ಉಳಿದ ಎರಡು ಹುಕ್ಕುಗಳನ್ನು ಅಂಗೈಯಲ್ಲಿ ಹಾಕಿಕೊಂಡಳು.

'ಬನ್ನಿ' ಅಂದಳು. 'ನನಗೆ ಒಪ್ಪಿಸೋರು ಬೇರೆ ಯಾರೂ ಇಲ್ಲ.'